ಪುಗ್ಗಾದ ಮೇಲೆ ಕಟ್ಟಿದ ಆಕಾಶಬುಟ್ಟಿ



ದೀಪಾವಳಿಗೆ ಇನ್ನೂ ಆರು ವಾರ ಇದೆ. ಈಗಲೇ ಈ ಅಕ್ಕೋರು ಆಕಾಶಬುಟ್ಟಿ ಮಾತು ಯಾಕೆ ತೆಗೆದರು ಅಂತ ನೀವು ಕೇಳಬಹುದು. ಇದು ಒಣಗಲು ದಿನ ಹಿಡಿಯುವ ಕೆಲಸ. ಹಪ್ಪಳ ಸಂಡಿಗೆಯನ್ನು ಹಬ್ಬದ ಹಿಂದಿನ ದಿನ ಮಾಡಿದರೆ ನಡೆಯುತ್ತದೆಯೇ? ಇದೂ ಹಾಗೆಯೇ. ಅದಕ್ಕೆ ಈಗಲೇ ಹೇಳುತ್ತಿದ್ದೇವೆ.

ಆಕಾಶಬುಟ್ಟಿ ನಿಮಗೆ ಹೊಸದಲ್ಲ. ಬಿದಿರ ಕಡ್ಡಿ ಸೀಳಿ, ಚೌಕ ಕಟ್ಟಿ, ಬಣ್ಣದ ಕಾಗದ ಅಂಟಿಸಿ ನಿಮ್ಮ ಅಣ್ಣ ತಮ್ಮಂದಿರು ಮಾಡುತ್ತಿದ್ದರು. ಕರಾವಳಿ ಕಡೆ ಇದನ್ನೇ ಗೂಡುದೀಪ ಎನ್ನುತ್ತಾರೆ. ಆದರೆ ಕಡ್ಡಿಯಿಂದ ಚೌಕ ಆಗುತ್ತದೆ, ಚುಕ್ಕಿ ಆಗುತ್ತದೆ. ಚೆಂಡಿನ ಹಾಗೆ ಪೂರ್ತಿ ದುಂಡಗೆ ಆಗುವುದು ಕಷ್ಟ. ದುಂಡಗಿನ ಬುಟ್ಟಿಯೊಳಗೆ ದೀಪ ಇಟ್ಟರೆ ಹುಣ್ಣಿಮೆ ಚಂದ್ರನನ್ನು ಮನೆ ಮುಂದೆ ತೂಗು ಹಾಕಿದ ಹಾಗೆ ಕಾಣುತ್ತದೆ. ಒಳಗೆ ಟೊಳ್ಳು, ಹೊರಗೆ ತೆಳ್ಳಗಿನ ಕಾಗದದ ಚಿಪ್ಪು, ತತ್ತಿಯ ಹಾಗೆ. ಇಂಥದ್ದನ್ನು ಕೈಯಲ್ಲಿ ಹೇಗೆ ಮಾಡುವುದು ಎನ್ನುವುದೇ ಇವತ್ತಿನ ಮಾತು.

ನಾವು ಇಬ್ಬರು ಅಕ್ಕೋರು ಹೋದ ವರ್ಷದ ರಾತ್ರಿ ತರಗತಿಯ ಹತ್ತು ಜನ ಹೆಣ್ಣುಮಕ್ಕಳ ಜೊತೆ ಇದನ್ನು ಮಾಡಿದೆವು. ಮೊದಲ ಸಲ ಕೆಟ್ಟಿತು. ಕೆಟ್ಟದ್ದು ನಮ್ಮ ತಪ್ಪಿನಿಂದ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕೆಲಸ ಕೇಳಿದರೆ ಸುಲಭ. ಪುಗ್ಗಾ ಊದಬೇಕು. ಅದರ ಮೇಲೆ ಅಂಟು ಹಚ್ಚಿದ ಕಾಗದದ ಚೂರು ಸುತ್ತಲೂ ಅಂಟಿಸಬೇಕು. ಒಣಗಿದ ಮೇಲೆ ಒಳಗಿನ ಪುಗ್ಗಾ ತೆಗೆಯಬೇಕು. ಚಿಪ್ಪು ಉಳಿಯುತ್ತದೆ. ಹತ್ತು ಜನ ತಲೆಗೆ 30 ರೂಪಾಯಿ ಹಾಕಿದರು. 300 ರೂಪಾಯಿ ಕೂಡಿತು. ಒಬ್ಬ ಅಕ್ಕ ಆ ದಿನ ಕಳೆ ತೆಗೆಯುವ ಕೂಲಿ ಬಿಟ್ಟು ಬಂದಿದ್ದಳು. 20 ಪುಗ್ಗಾ ಊದಿ, ಕಾಗದ ಅಂಟಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಆಯಿತು. ಬೇಗ ಒಣಗಲಿ ಅಂತ ನಾವು ಅವನ್ನು ಶಾಲೆಯ ಕಟ್ಟೆಯ ಮೇಲೆ ಬಿಸಿಲಿಗೆ ಇಡಿಸಿದೆವು.

ಅರ್ಧ ತಾಸು ಕಳೆದಿರಲಿಲ್ಲ, ಢಂ ಅಂತ ಒಂದು ಒಡೆಯಿತು. ಆಮೇಲೆ ಇನ್ನೊಂದು. ಮತ್ತೊಂದು. ಮಕ್ಕಳು ಪಟಾಕಿ ಅಂತ ಓಡಿ ಬಂದರು. ಸಂಜೆ ಹೊತ್ತಿಗೆ 13 ಒಡೆದಿದ್ದವು. ಹಸಿ ಕಾಗದ ತೊಯ್ದ ಚಿಂದಿಯ ಹಾಗೆ ಕಲ್ಲಿಗೆ ಅಂಟಿಕೊಂಡಿತ್ತು. ಉಳಿದ ಏಳನ್ನು ಒಳಗೆ ತಂದು ಇಟ್ಟೆವು. ಬೆಳಿಗ್ಗೆ ನೋಡಿದರೆ ಅವೂ ಕುಗ್ಗಿದ್ದವು. ಬಾಡಿದ ಬದನೆಕಾಯಿಯ ಹಾಗೆ ಮೈತುಂಬ ಸುಕ್ಕು, ತಗ್ಗು.

ಯಾಕೆ ಹೀಗಾಯಿತು? ಬಿಸಿಲಿಗೆ ಪುಗ್ಗಾದೊಳಗಿನ ಗಾಳಿ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ರೊಟ್ಟಿ ಹಂಚಿನ ಮೇಲೆ ಉಬ್ಬುವುದನ್ನು ನೀವು ದಿನಾ ನೋಡುತ್ತೀರಿ. ರೊಟ್ಟಿಯನ್ನು ಉಬ್ಬಿಸುವುದು ಅದರ ನೀರಿನ ಹಬೆ. ಇಲ್ಲಿ ಉಬ್ಬಿಸುವುದು ಗಾಳಿ. ಹಿಗ್ಗಿ ಹಿಗ್ಗಿ ರಬ್ಬರು ತಾಳದೆ ಹರಿಯುತ್ತದೆ. ರಾತ್ರಿ ತಂಪಿಗೆ ಅದೇ ಗಾಳಿ ಕುಗ್ಗುತ್ತದೆ. ಅದರ ಜೊತೆ ಪುಗ್ಗಾ ಕುಗ್ಗುತ್ತದೆ. ಹಸಿ ಕಾಗದಕ್ಕೆ ಸ್ವಂತ ಬಲ ಇಲ್ಲ, ಅದೂ ಒಳಗೆ ಸೇದಿಕೊಳ್ಳುತ್ತದೆ. ಇದು ನಾವು ಮಕ್ಕಳಿಗೆ ಪಾಠದಲ್ಲಿ ಹೇಳುವ ವಿಷಯವೇ. ಪಾಠ ಹೇಳುವ ನಾವೇ ಮರೆತೆವು.

ಇನ್ನೊಂದು ತಪ್ಪೂ ಇತ್ತು. ಕಾಗದ ಪುಗ್ಗಾಕ್ಕೆ ಅಂಟಬಾರದು ಅಂತ ನಾವು ಅದಕ್ಕೆ ಎಣ್ಣೆ ಸವರಿಸಿದ್ದೆವು. ಎಣ್ಣೆ ರಬ್ಬರನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಬಿಸಿಲು ಒಂದು ಕಡೆ, ಎಣ್ಣೆ ಒಂದು ಕಡೆ. ಉಳಿಯುವುದಾದರೂ ಹೇಗೆ?

ಆ ದಿನ 240 ರೂಪಾಯಿ ಸಾಮಾನು ಹಾಳಾಯಿತು. ಕೂಲಿ ಬಿಟ್ಟು ಬಂದ ಅಕ್ಕ ಏನೂ ಅನ್ನಲಿಲ್ಲ. ಸೆರಗು ಝಾಡಿಸಿಕೊಂಡು ಎದ್ದು ಹೋದಳು. ಅದು ನಮಗೆ ಬೈದದ್ದಕ್ಕಿಂತ ಹೆಚ್ಚಾಯಿತು. ಮರುದಿನ ನಾವು 240 ರೂಪಾಯಿ ತಂದು ಕೊಟ್ಟೆವು. ಲೆಕ್ಕದ ಪುಸ್ತಕ ಅವರೇ ಬರೆಯುತ್ತಿದ್ದರು. ಅದರಲ್ಲಿ ಹೀಗೆ ಬರೆದರು: ಅಕ್ಕೋರ ತಪು, 240. ಪಕಾರಕ್ಕೆ ಒತ್ತು ಇರಲಿಲ್ಲ. ನಾವು ತಿದ್ದಲಿಲ್ಲ. ಆ ಪುಸ್ತಕ ಈಗಲೂ ಇದೆ.

ಎರಡನೇ ಸಲ ಹೇಗೆ ಮಾಡಿದೆವು ಎನ್ನುವುದನ್ನು ನಿಧಾನವಾಗಿ ಹೇಳುತ್ತೇವೆ. ಓದುವಾಗ ಬೆರಳಿಟ್ಟುಕೊಂಡು ಓದಿ.

ಮೊದಲು ಪುಗ್ಗಾ. 12 ಇಂಚಿನದು ತನ್ನಿ. ಆದರೆ 12 ಇಂಚು ಊದಬೇಡಿ. ಪೂರ್ತಿ ಊದಿದರೆ ಪುಗ್ಗಾ ಬಾಯಿಯ ಕಡೆ ಉದ್ದ ಆಗುತ್ತದೆ, ಪೇರಲ ಹಣ್ಣಿನ ಹಾಗೆ. ಸ್ವಲ್ಪ ಕಡಿಮೆ ಊದಿದರೆ ದುಂಡಗೆ ಇರುತ್ತದೆ. 10 ಇಂಚು ಸಾಕು. ಎಲ್ಲಾ ಪುಗ್ಗಾ ಒಂದೇ ಅಳತೆ ಆಗುವುದು ಹೇಗೆ? ದಾರದ ಉಪಾಯ ಮಾಡಿದೆವು. ದುಂಡಗಿನ ವಸ್ತುವಿನ ಸುತ್ತಳತೆ ಅದರ ಅಡ್ಡಳತೆಯ ಮೂರು ಪಟ್ಟಿಗಿಂತ ಚೂರು ಹೆಚ್ಚು. 10 ಇಂಚು ಅಡ್ಡ ಇರುವ ಚೆಂಡಿಗೆ ಸುತ್ತಳತೆ ಸುಮಾರು 31 ಅಥವಾ 32 ಇಂಚು. ಅಷ್ಟು ದಾರವನ್ನು ಉಂಗುರದ ಹಾಗೆ ಗಂಟು ಹಾಕಿ. ಊದುತ್ತಾ ಊದುತ್ತಾ ಆ ಉಂಗುರ ಪುಗ್ಗಾದ ನಡುವಿಗೆ ಸರಿಯಾಗಿ ಕೂತಾಗ ನಿಲ್ಲಿಸಿ. ಬಳೆಗಾರ ಕೈ ನೋಡಿ ಬಳೆ ಹೇಳಿದ ಹಾಗೆ.

ಊದಿದ ಪುಗ್ಗಾ ಉರುಳಿ ಓಡುತ್ತದೆ. ಅದನ್ನು ಕೂಡಿಸುವುದು ಎಲ್ಲಿ? ನಾವು ತಾಟು ಇಟ್ಟೆವು, ಡಬ್ಬಿ ಇಟ್ಟೆವು. ಒಬ್ಬ ಅಜ್ಜಿ ನಕ್ಕು, "ಕೊಡಾ ಹೊರೂ ಸಿಂಬಿ ಮರತ್ರೇನ್ರಿ ಅಕ್ಕೋರ?" ಅಂದಳು. ಸಿಂಬಿ ಮಾಡಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿದೆವು. ಪುಗ್ಗಾ ಕೊಡದ ಹಾಗೆ ಕೂತಿತು. ಪ್ಲಾಸ್ಟಿಕ್ ಇರದಿದ್ದರೆ ಹಸಿ ಕಾಗದ ಬಟ್ಟೆಗೆ ಅಂಟುತ್ತದೆ.

ಇನ್ನು ಅಂಟು. ಒಂದು ಬಟ್ಟಲು ಮೈದಾಕ್ಕೆ ಐದು ಬಟ್ಟಲು ನೀರು. ನಾವು ಕುದಿಯುವ ನೀರಿಗೆ ಹಿಟ್ಟು ಹಾಕಲು ಹೋದೆವು. "ಗಂಟಾಗ್ತೈತ್ರಿ, ಮೊದಲ ತಣ್ಣೀರಾಗ ಕಲಸ್ರಿ" ಅಂತ ನಾಲ್ಕು ಜನ ಒಟ್ಟಿಗೇ ಕೂಗಿದರು. ಅಡಿಗೆಯಲ್ಲಿ ನಮಗಿಂತ ಅವರೇ ಅಕ್ಕೋರು. ತಣ್ಣೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಅಂಬಲಿಯ ಹದಕ್ಕೆ ಬಂದಾಗ ಇಳಿಸಿ. ತಣ್ಣಗಾದ ಮೇಲೆ ಬಳಸಿ. ಬಿಸಿ ಅಂಟು ಪುಗ್ಗಾಕ್ಕೆ ತಾಗಿದರೆ ಅದು ಒಡೆಯಬಹುದು.

ಪುಸ್ತಕ ಕಟ್ಟುವವರು ಇಂಥ ಅಂಟಿಗೆ ಹುಳು ಬೀಳಬಾರದು ಅಂತ ಮೈಲುತುತ್ತ ಹಾಕುತ್ತಾರೆ. ಮೈಲುತುತ್ತ ವಿಷ. ನಾವು ಹಾಕಲಿಲ್ಲ. ನೀವೂ ಮನೆಯಲ್ಲಿ ಹಾಕಬೇಡಿ. ಮಕ್ಕಳು ಹಿಟ್ಟಿನ ಅಂಟು ಅಂತ ಬಾಯಿಗೆ ಇಡುತ್ತಾರೆ. ಒಂದು ಹಬ್ಬಕ್ಕೆ ಬೇಕಾದ ಬುಟ್ಟಿಗೆ ಅದು ಬೇಕೂ ಇಲ್ಲ. ಅಂಟನ್ನು ದಿನಾ ಹೊಸದಾಗಿ ಮಾಡಿ. ಹಳಸಿದ್ದು ನಾರುತ್ತದೆ.

ಕಾಗದ ಯಾವುದು? ಬೆಳಕು ಹೊರಗೆ ಬರಬೇಕಾದರೆ ತೆಳು ಕಾಗದ ಬೇಕು. ಗಾಳಿಪಟದ ಬಿಳಿ ಕಾಗದ ಒಳ್ಳೆಯದು. ಕತ್ತರಿಯಲ್ಲಿ ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಹರಿದ ಅಂಚಿಗೆ ನಾರು ಇರುತ್ತದೆ, ಅದು ಪಕ್ಕದ ಚೂರಿನೊಳಗೆ ಕೂಡಿಕೊಳ್ಳುತ್ತದೆ. ಚೂರು ಒಂದೂವರೆ ಇಂಚು ಅಗಲ, ಮೂರು ಇಂಚು ಉದ್ದ ಇರಲಿ. ಬೇಗ ಮುಗಿಯಲಿ ಅಂತ ಉದ್ದ ಪಟ್ಟಿ ಮಾಡಿದರೆ ನೆರಿಗೆ ಬೀಳುತ್ತದೆ. ದುಂಡಗಿನ ಕೊಡಕ್ಕೆ ಚೌಕ ಬಟ್ಟೆ ಹೊದಿಸಿ ನೋಡಿ, ನೆರಿಗೆ ಬರದೆ ಇರುವುದಿಲ್ಲ. ಚೂರು ಸಣ್ಣದಾದಷ್ಟೂ ನೆರಿಗೆ ಕಡಿಮೆ.

ಮೊದಲನೆಯ ಪದರಕ್ಕೆ ಅಂಟು ಬೇಡ, ಬರೀ ನೀರು. ನೀರಲ್ಲಿ ತೋಯಿಸಿದ ಚೂರು ಪುಗ್ಗಾದ ಮೇಲೆ ಹಾಗೆಯೇ ನಿಲ್ಲುತ್ತದೆ, ಆದರೆ ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಇದರಿಂದ ಎಣ್ಣೆಯ ಗೊಡವೆಯೇ ತಪ್ಪಿತು. ಎರಡನೆಯ ಪದರದಿಂದ ಅಂಟು ಹಚ್ಚಿ. ಒಂದು ಚೂರು ಇನ್ನೊಂದರ ಮೇಲೆ ಅರ್ಧ ಬೆರಳು ಬರಬೇಕು, ಮನೆಗೆ ಹೆಂಚು ಹೊದಿಸಿದ ಹಾಗೆ. ಬಾಯಿ ಕಟ್ಟಿದ ಕಡೆ ಒಂದು ಬಳೆಯಷ್ಟು ಜಾಗ ಬಿಡಿ. ಅಂಟು ಕಡಿಮೆ ಇರಲಿ. ಹೆಚ್ಚು ಹಚ್ಚಿದರೆ ಗಟ್ಟಿ ಆಗುತ್ತದೆ ಅಂತ ತಿಳಿಯಬೇಡಿ. ಕೆಳಗೆ ಇಳಿದು ತೊಟ್ಟಿಕ್ಕುತ್ತದೆ, ಒಣಗುವುದು ತಡ ಆಗುತ್ತದೆ, ಅಷ್ಟೇ.

ಇಲ್ಲಿಗೆ ಎರಡು ಪದರ ಆದವು. ನಿಲ್ಲಿಸಿ ಒಣಗಿಸಿ. ನೆರಳಲ್ಲಿ, ಗಾಳಿ ಆಡುವ ಪಡಸಾಲೆಯಲ್ಲಿ, ಪುಗ್ಗಾದ ಬಾಯಿಗೆ ದಾರ ಕಟ್ಟಿ ತೂಗು ಹಾಕಿ. ಬೆಳಿಗ್ಗೆಯೇ ಕೆಲಸ ಮುಗಿಸಿದರೆ ರಾತ್ರಿ ತಂಪು ಬೀಳುವ ಮೊದಲು ಕಾಗದ ಬಿಗಿದುಕೊಳ್ಳುತ್ತದೆ. ಆಮೇಲೆ ಪುಗ್ಗಾ ಚೂರು ಕುಗ್ಗಿದರೂ ಚಿಪ್ಪು ಜಗ್ಗುವುದಿಲ್ಲ. ಮರುದಿನ ಮತ್ತೆ ಎರಡು ಪದರ. ಅದರ ಮರುದಿನ ಒಂದು. ಒಟ್ಟು ಐದು. ಮಳೆಯ ಮೋಡ ಇದ್ದರೆ ಪ್ರತಿ ಸಲಕ್ಕೂ ಎರಡು ದಿನ ಬಿಡಿ.

ಒಣಗಿತೋ ಇಲ್ಲವೋ ತಿಳಿಯುವುದು ಹೇಗೆ? ಗಲ್ಲಕ್ಕೆ ಹಿಡಿದು ನೋಡಿ. ತಂಪಾಗಿದ್ದರೆ ಇನ್ನೂ ಹಸಿ ಇದೆ. ಉಗುರಿನಿಂದ ತಟ್ಟಿ ನೋಡಿ. ಒಣಗಿದ್ದು ಟಕ್ ಟಕ್ ಅನ್ನುತ್ತದೆ. ಸಂತೆಯಲ್ಲಿ ಗಡಿಗೆ ತಟ್ಟಿ ಕೊಳ್ಳುವವರಿಗೆ ಈ ಸಪ್ಪಳ ಹೇಳಿಕೊಡಬೇಕಿಲ್ಲ.

ಈಗ ಪುಗ್ಗಾ ತೆಗೆಯುವುದು. ಮಕ್ಕಳು ಸೂಜಿ ಹಿಡಿದು ನಿಂತಿರುತ್ತಾರೆ, ಕೊಡಬೇಡಿ. ಒಮ್ಮೆಲೇ ಒಡೆದರೆ, ಎಲ್ಲಾದರೂ ಅಂಟಿಕೊಂಡಿದ್ದರೆ ರಬ್ಬರು ಚಿಪ್ಪನ್ನು ಜಗ್ಗಿ ತಗ್ಗು ಬೀಳಿಸುತ್ತದೆ. ಗಂಟಿನ ಹತ್ತಿರ ರಬ್ಬರನ್ನು ಹಿಡಿದೆಳೆದು, ಕತ್ತರಿಯ ತುದಿಯಿಂದ ಸಣ್ಣ ತೂತು ಮಾಡಿ. ಗಾಳಿ ಮೆಲ್ಲಗೆ ಹೋಗುತ್ತದೆ. ಒಳಗೆ ಪಟ್ ಪಟ್ ಅಂತ ರಬ್ಬರು ಬಿಡುವ ಸಪ್ಪಳ ಕೇಳುತ್ತದೆ. ಪೂರ್ತಿ ಬಿಟ್ಟ ಮೇಲೆ ಎಳೆದು ತೆಗೆಯಿರಿ. ಒಡೆದ ರಬ್ಬರಿನ ಚೂರು ಕೂಸುಗಳ ಕೈಗೆ ಸಿಗಬಾರದು. ನುಂಗಿದರೆ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟುತ್ತದೆ. ಇದನ್ನು ಮರೆಯಬೇಡಿ.

ಕೈಯಲ್ಲಿ ಉಳಿದದ್ದು ಏನು? ಎಂಟು ಲೀಟರಿಗಿಂತ ಹೆಚ್ಚು ನೀರು ಹಿಡಿಸುವಷ್ಟು ದೊಡ್ಡ ಚೆಂಡು. ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದೆವು. ನೂರು ಗ್ರಾಮಿನ ಕಲ್ಲು ಮೇಲೆ ಏಳಲೇ ಇಲ್ಲ. ಆದರೂ ಎರಡು ಅಂಗೈ ನಡುವೆ ಮೆಲ್ಲಗೆ ಒತ್ತಿದರೆ ತಡೆದುಕೊಳ್ಳುತ್ತದೆ. ದುಂಡಗಿನ ಆಕಾರಕ್ಕೆ ಆ ಗುಣ ಇದೆ. ಒಂದು ಕಡೆ ಒತ್ತಿದ್ದನ್ನು ಸುತ್ತಲೂ ಹಂಚಿಕೊಳ್ಳುತ್ತದೆ. ಬೆರಳ ತುದಿಯಿಂದ ಚುಚ್ಚಿದರೆ ಮಾತ್ರ ತೂತು ಬೀಳುತ್ತದೆ.

ಮೇಲಿನ ಬಾಯಿಯ ಅಂಚು ಮೆತ್ತಗಿರುತ್ತದೆ. ತೂಗು ಹಾಕಿದರೆ ಹರಿಯುತ್ತದೆ. ಇದಕ್ಕೆ ನಾವು ತಂತಿ ಹುಡುಕುತ್ತಿದ್ದೆವು. ಒಬ್ಬ ತಂಗಿ ತನ್ನ ಕೈಯ ಹಳೇ ಪ್ಲಾಸ್ಟಿಕ್ ಬಳೆ ತೆಗೆದು ಇಟ್ಟಳು. ಸರಿಯಾಗಿ ಕೂತಿತು! ಬಳೆಯನ್ನು ಬಾಯಿಗೆ ಇಟ್ಟು, ಕಾಗದದ ಚೂರು ಸುತ್ತಿ ಅಂಟಿಸಿ. ಬಳೆಗೆ ಮೂರು ಕಡೆ ದಾರ ಕಟ್ಟಿ ತೂಗು ಹಾಕಿ. ಬಳೆ ಆರಿಸುವಾಗ ಬಲ್ಬು ಅದರೊಳಗೆ ಹೋಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಕೆಳಗಡೆ ಎರಡು ಬೆರಳು ಹೋಗುವಷ್ಟು ತೂತು ಮಾಡಿ. ಕೆಳಗಿನಿಂದ ತಂಪು ಗಾಳಿ ಒಳಗೆ ಬಂದು, ಬಿಸಿ ಗಾಳಿ ಮೇಲಿನ ಬಾಯಿಂದ ಹೋಗುತ್ತದೆ.

ಕಾಗದದ ಬದಲು ದಾರವನ್ನು ಫೆವಿಕಾಲಿನಲ್ಲಿ ಅದ್ದಿ ಸುತ್ತುವವರೂ ಇದ್ದಾರೆ. ಚೆನ್ನಾಗಿ ಕಾಣುತ್ತದೆ. ಆದರೆ ದಾರವೂ ಬಹಳ ಬೇಕು, ಫೆವಿಕಾಲೂ ಬಹಳ ಬೇಕು. ನಮಗೆ ಕಾಗದವೇ ಅಗ್ಗ.

ಇನ್ನು ಬೆಳಕಿನ ಮಾತು. ಇಲ್ಲಿ ಸ್ವಲ್ಪ ಗಮನ ಕೊಡಿ. ಕಾಗದದ ಬುಟ್ಟಿಯೊಳಗೆ ಎಣ್ಣೆ ಹಣತೆ, ಮೇಣದ ಬತ್ತಿ ಬೇಡವೇ ಬೇಡ. ಹಳೇ ತಂತಿಯ ಬಲ್ಬೂ ಬೇಡ. ನಾವು ಮೊದಲನೆಯ ಬುಟ್ಟಿಗೆ ಮನೆಯಲ್ಲಿದ್ದ 60 ವಾಟಿನ ಬಲ್ಬು ಹಾಕಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಅದೇ ಸಿಂಬಿ ಅಜ್ಜಿ, "ರೊಟ್ಟಿ ಸೀದ ವಾಸನಿ ಬರಾಕತ್ತೈತಿ" ಅಂದಳು. ಆರಿಸಿ ನೋಡಿದರೆ ಒಳಗಿನ ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು. ತಂತಿಯ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ಹತ್ತು ಭಾಗ ಸಹ ಬೆಳಕಾಗುವುದಿಲ್ಲ. ಉಳಿದದ್ದೆಲ್ಲಾ ಬಿಸಿ. ಜೀರೋ ಬಲ್ಬು ಅನ್ನುತ್ತೇವಲ್ಲ, ಅದೂ ಸೊನ್ನೆ ಅಲ್ಲ. ಸುಮಾರು 15 ವಾಟ್ ತೆಗೆದುಕೊಳ್ಳುತ್ತದೆ.

ಎಲ್‌ಇಡಿ ಬಲ್ಬು ಹಾಕಿ. 3 ವಾಟ್ ಅಥವಾ 5 ವಾಟ್ ಸಾಕು. ಲೆಕ್ಕ ಮಾಡೋಣ. ದಿನಕ್ಕೆ 5 ತಾಸಿನ ಹಾಗೆ 5 ದಿನ ಹಚ್ಚಿದರೆ 25 ತಾಸು. 60 ವಾಟಿನ ಬಲ್ಬಿಗೆ 60 ಗುಣಿಸು 25, ಅಂದರೆ 1500. ಸಾವಿರಕ್ಕೆ ಒಂದು ಯೂನಿಟ್. ಒಂದೂವರೆ ಯೂನಿಟ್ ಆಯಿತು. 5 ವಾಟಿನ ಎಲ್‌ಇಡಿಗೆ 5 ಗುಣಿಸು 25, ಅಂದರೆ 125. ಒಂದು ಯೂನಿಟ್ಟಿನ ಎಂಟನೇ ಒಂದು ಭಾಗ! ಬಲ್ಬು ಕಾಗದಕ್ಕೆ ತಾಗದ ಹಾಗೆ ನಡುವೆ ತೂಗಲಿ. ಎಲ್‌ಇಡಿಯ ಬುಡವೂ ಸ್ವಲ್ಪ ಬಿಸಿ ಆಗುತ್ತದೆ. ಬುಟ್ಟಿಯ ಭಾರ ದಾರದ ಮೇಲೆ ಇರಲಿ, ವೈರಿನ ಮೇಲೆ ಬೇಡ. ಬುಟ್ಟಿಯ ಹತ್ತಿರ ವೈರಿಗೆ ಗಂಟು, ಜೋಡಣೆ ಇರಬಾರದು. ಬಲ್ಬು ಮುಟ್ಟುವ ಮೊದಲು ಬಟನ್ ಆರಿಸಿ, ಕೈ ಒರೆಸಿಕೊಳ್ಳಿ. ಹಿಂಗಾರಿ ಮಳೆ ಬಂದರೆ ಬುಟ್ಟಿಯನ್ನು ಒಳಗೆ ತನ್ನಿ. ಮೈದಾ ಅಂಟು ನೀರಿಗೆ ಬಿಡುತ್ತದೆ. ಸಾದಾ ಫೆವಿಕಾಲೂ ಮಳೆಗೆ ತಡೆಯುವುದಿಲ್ಲ.

ಒಂದು ತಮಾಷೆ ಹೇಳುತ್ತೇವೆ. ಕೆಲವು ಬುಟ್ಟಿಗೆ ಬಿಳಿ ಕಾಗದ ಸಾಲದೆ ನಡುವೆ ಒಂದು ಪದರ ಹಳೇ ಸುದ್ದಿ ಪೇಪರ್ ಹಾಕಿದ್ದೆವು. ಹಗಲು ಏನೂ ಕಾಣಲಿಲ್ಲ. ರಾತ್ರಿ ಬಲ್ಬು ಹಚ್ಚಿದ ಕೂಡಲೇ ಒಳಗಿನ ಅಕ್ಷರಗಳು ಮೂಡಿಬಿಟ್ಟವು! ನೆಟ್ಟಗೆ, ಅಡ್ಡ, ತಲೆಕೆಳಗೆ. ಹತ್ತು ಜನರೂ ಬುಟ್ಟಿಯ ಸುತ್ತ ತಿರುಗುತ್ತಾ, ಕುತ್ತಿಗೆ ವಾರೆ ಮಾಡಿ ಓದತೊಡಗಿದರು. "ಉಳ್ಳಾಗಡ್ಡಿ... ಧಾರಣಿ..." ಅಂತ ಒಬ್ಬಳು. "ನೀರು ಬಿಡು... ಬಿಡುಗಡೆ" ಅಂತ ಇನ್ನೊಬ್ಬಳು. ಆ ರಾತ್ರಿ ನಾವು ಬೇರೆ ಪಾಠ ಮಾಡಲಿಲ್ಲ. ಅಂಗಡಿಯವರಿಗೆ ಮಾತ್ರ ಅಕ್ಷರ ಕಾಣುವ ಬುಟ್ಟಿ ಬೇಡವಾಯಿತು. ಅವು ನಮ್ಮ ನಮ್ಮ ಮನೆಗೆ ಬಂದವು. ಮಾರುವುದಕ್ಕೆ ಬಿಳಿಯದನ್ನೇ ಮಾಡಿ.

ಹೌದು, ನಾವು ಮಾರಿದೆವು. ಪೇಟೆಯ ಒಬ್ಬ ಅಂಗಡಿಯವರು ಬುಟ್ಟಿಗೆ 70 ರೂಪಾಯಿಯ ಹಾಗೆ 40 ಬುಟ್ಟಿ ಕೇಳಿದರು. ಬಲ್ಬು ಅವರದೇ. ಇಬ್ಬರು ಹೆಣ್ಣುಮಕ್ಕಳು ಟಂಟಂನಲ್ಲಿ ಒಯ್ದು ಇಳಿಸಿದರು. ಅದರಲ್ಲಿ ಒಬ್ಬಳು ಕೂಲಿ ಬಿಟ್ಟು ಬಂದಿದ್ದ ಅಕ್ಕ. ಅಂಗಡಿಯವರು ಚೀಟಿ ಬರೆದು ಕೊಟ್ಟು ಸಹಿ ಮಾಡಿ ಅಂದರು. ಅವಳು ಸಹಿ ಮಾಡುವ ಮೊದಲು ಬೆರಳಿಟ್ಟು ಓದಿದಳು. ಚೀಟಿಯಲ್ಲಿ 34 ಅಂತ ಇತ್ತು.

"ಅಣ್ಣಾರ, ನಾವು ಎಣಿಸಿ ಇಳಿಸಿದ್ದು ನಲವತ್ತು. ಇಲ್ಲಿ ಮೂವತ್ನಾಕು ಐತಿ."

ಅಂಗಡಿಯವರು ಚೀಟಿ ತೆಗೆದುಕೊಂಡು ನೋಡಿ, ಕೈತಪ್ಪು ಅಂದರು. ಹೊಡೆದು 40 ಮಾಡಿದರು. ಕೈತಪ್ಪೋ ಏನೋ, ನಾವು ಅಲ್ಲಿರಲಿಲ್ಲ. ಆರು ಬುಟ್ಟಿಗೆ 420 ರೂಪಾಯಿ. ಹೊಡೆದು ತಿದ್ದಿದ ಚೀಟಿ ಬೇಡ, ಬೇರೆ ಬರೆದುಕೊಡಿ ಅಂತ ಅವಳು ಕೇಳಿದಳಂತೆ. ಅದನ್ನು ನಾವು ಹೇಳಿಕೊಟ್ಟಿರಲಿಲ್ಲ.

40 ಬುಟ್ಟಿಗೆ 2800 ರೂಪಾಯಿ ಬಂತು. ಪುಗ್ಗಾ, ಕಾಗದ, ಮೈದಾ, ದಾರ, ಟಂಟಂ ಬಾಡಿಗೆ ಸೇರಿ ಬುಟ್ಟಿಗೆ 18 ರೂಪಾಯಿ ಬಿದ್ದಿತ್ತು. 720 ಕಳೆದರೆ 2080. ತಲೆಗೆ 208 ರೂಪಾಯಿ. ಇದರಿಂದ ಸಂಸಾರ ನಡೆಯುತ್ತದೆ ಅಂತ ನಾವು ಹೇಳುವುದಿಲ್ಲ. ಹೊಲದ ಕೆಲಸ ಇಲ್ಲದ ದಿನ, ಮನೆಯಲ್ಲೇ ಕೂತು, ನಾಲ್ಕು ಬುಟ್ಟಿ ಮಾಡಿದ್ದಕ್ಕೆ ಬಂದ ಹಣ ಅದು. ಕೂಲಿ ಬಿಟ್ಟು ಮಾತ್ರ ಇದಕ್ಕೆ ಬರಬೇಡಿ. ಈ ಸಲ ನಾವೇ ಹಾಗೆ ಹೇಳುತ್ತಿದ್ದೇವೆ.

ಈ ವರ್ಷ ಅದೇ ಅಂಗಡಿಯವರು 60 ಬುಟ್ಟಿ ಕೇಳಿದ್ದಾರೆ. ಕೊಡಬೇಕೋ, ಸಂತೆಯಲ್ಲಿ ನಾವೇ ಕೂತು ಮಾರಬೇಕೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅದನ್ನು ನೀವೆಲ್ಲ ಕೂತು ಹೇಳಿ. ಅಷ್ಟರೊಳಗೆ 31 ಇಂಚಿನ ದಾರ ಯಾರ ಹತ್ತಿರ ಇದೆಯೋ ಅವರು ಮುಂದೆ ಬನ್ನಿ. ಸಿಂಬಿ ತಂದವರು ಗೋಡೆಯ ಪಕ್ಕ ನೆರಳಲ್ಲಿ ಸಾಲಾಗಿ ಇಡಿ. ಅಂಟು ತಣ್ಣಗಾಗಿದೆ.